ಆಟಿ ಸೊಪ್ಪಿನ ಫೋಟೋ

ರಂಜಿತಾ ಅಂಜುಬುರುಕಿ. ಇದನ್ನು ಬೇರೆಯವರು ಹೇಳಬೇಕಾಗಿಲ್ಲ, ಅವಳೇ ಹೇಳಿಕೊಳ್ಳುತ್ತಾಳೆ. ಅಜ್ಜನ ಕಾಲಕ್ಕೆ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡ ಮನೆತನ ಅವಳದು. ಹಾರಂಗಿ ನಾಲೆಯ ಪಕ್ಕದಲ್ಲೇ ಬೆಳೆದರೂ ಒಂದು ದಿನ ನಾಲೆಗೆ ಕಾಲಿಳಿಸಿದವಳಲ್ಲ. ಬಿ.ಕಾಂ ಮುಗಿಸಿ ಜೆರಾಕ್ಸ್ ಅಂಗಡಿಯಲ್ಲಿ ಮದುವೆ ಕಾರ್ಡು ಮಾಡಿಕೊಡುತ್ತಿದ್ದಾಗ, ಮುಹೂರ್ತದ ತಾರೀಖು ತಪ್ಪಿ ಜನ ಮಾರನೇ ದಿನ ಬಂದುಬಿಟ್ಟರೆ ಎಂದು ರಾತ್ರಿಯೆಲ್ಲ ನಿದ್ದೆಗೆಡುತ್ತಿದ್ದಳು. ತಪ್ಪಿದ್ದು ಒಂದೇ ಒಂದು ಸಲವೂ ಇಲ್ಲ. ಹೆದರುವವರ ಕೆಲಸ ಅಚ್ಚುಕಟ್ಟು ಎಂದು ಅಂಗಡಿಯವನು ಅವಳನ್ನು ಹೊಗಳುತ್ತಿದ್ದ. ಹೆದರಿಕೆಯೇ ಒಮ್ಮೊಮ್ಮೆ ಕೆಲಸ ಕೆಡಿಸುತ್ತದೆ ಎನ್ನುವುದು ಅವನಿಗೂ ಗೊತ್ತಿರಲಿಲ್ಲ, ಅವಳಿಗೂ.

ಆಮೇಲೆ ಸಿಕ್ಕಿದ್ದು ಯಮುನಕ್ಕನ ಕೆಲಸ. ನಾಪೋಕ್ಲು ಹತ್ತಿರ ಯಮುನಕ್ಕನದೊಂದು ಕಾಫಿ ತೋಟ. ತೋಟದ ಕಾಫಿಪುಡಿ, ಕಾಳುಮೆಣಸು, ಜೇನುತುಪ್ಪವನ್ನು ‘ಹೊಳೆಬದಿ’ ಎಂಬ ಹೆಸರಿನಲ್ಲಿ ಅವರು ಫೇಸ್‌ಬುಕ್ಕು, ಇನ್‌ಸ್ಟಾಗ್ರಾಂ ಮೂಲಕ ಮಾರುತ್ತಾರೆ. ಆ ಎರಡನ್ನೂ ನೋಡಿಕೊಳ್ಳುವವಳು ರಂಜಿತಾ. ಮನೆಯಲ್ಲೇ ಕೂತು ಮಾಡುವ ಕೆಲಸ, ವಾರಕ್ಕೊಮ್ಮೆ ಬಸ್ಸು ಹತ್ತಿ ತೋಟಕ್ಕೆ ಹೋಗಿ ಫೋಟೋ ತೆಗೆದುಕೊಂಡು ಬಂದರಾಯಿತು.

ಈ ಕೆಲಸದ ಜೀವಾಳ ಕಂಟೆಂಟ್ ಕ್ಯಾಲೆಂಡರ್. ಯಾವ ದಿನ ಯಾವ ಫೋಟೋ, ಅದರ ಕೆಳಗೆ ಯಾವ ಮಾತು ಎಂದು ತಿಂಗಳುಗಳ ಮುಂಚೆಯೇ ತುಂಬಿಸಿಟ್ಟರೆ ಆ ದಿನ ಅದು ತಾನಾಗಿಯೇ ಜನರ ಮೊಬೈಲಿಗೆ ಹೋಗುತ್ತದೆ. ಗೋಡೆಯ ಪಂಚಾಂಗದಲ್ಲಿ ಹುಣ್ಣಿಮೆ ಅಮಾವಾಸ್ಯೆ ಯಾರೂ ಕೇಳದೆ ಬರುತ್ತವೆ. ಈ ಕ್ಯಾಲೆಂಡರಿನಲ್ಲಿ ಏನೂ ತಾನಾಗಿ ಬರುವುದಿಲ್ಲ, ಅದರಲ್ಲಿ ಒಂದು ಚೌಕ ಖಾಲಿ ಕಂಡರೂ ರಂಜಿತಾಳಿಗೆ ಎದೆ ಹೊಡೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಹಾಗಾಗಿ ಜುಲೈ, ಆಗಸ್ಟ್ ಎರಡನ್ನೂ ಜೂನಿನಲ್ಲೇ ಮುಗಿಸಿಬಿಡುವುದೆಂದು ಅವಳು ಹಟ ಹಿಡಿದು ಕೂತಳು.

ಆಗಸ್ಟಿನ ಮೊದಲ ವಾರಕ್ಕೆ ಬರುವುದು ಆಟಿ ಹದಿನೆಂಟು. ಆಟಿ ತಿಂಗಳ ಹದಿನೆಂಟನೇ ದಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿಕೊಳ್ಳುತ್ತದೆ ಎಂದು ಕೊಡಗಿನವರ ನಂಬಿಕೆ. ಆ ಸೊಪ್ಪನ್ನು ನೀರಲ್ಲಿ ಕುದಿಸಿದರೆ ನೀರು ಕಡು ನೇರಳೆಯಾಗುತ್ತದೆ, ಅದರಲ್ಲಿ ಪಾಯಸ ಮಾಡುತ್ತಾರೆ. ನೇರಳೆ ಪಾಯಸದ ಫೋಟೋವನ್ನು ಯಮುನಕ್ಕ ಹೋದ ವರ್ಷವೇ ತೆಗೆದಿಟ್ಟಿದ್ದರು. ಸೊಪ್ಪಿನ ಫೋಟೋ ಇರಲಿಲ್ಲ.

ಜೂನಿನ ಒಂದು ಮಳೆಯ ದಿನ ರಂಜಿತಾ ತೋಟಕ್ಕೆ ಹೋದಾಗ ಯಮುನಕ್ಕ ಮಡಿಕೇರಿಗೆ ಹೋಗಿದ್ದರು. ಇದ್ದವರು ತೋಟದ ಲೆಕ್ಕ, ಕೂಲಿಯಾಳು ನೋಡಿಕೊಳ್ಳುವ ರೈಟರ್ ಬೋಜಪ್ಪ. ಮದ್ದುಸೊಪ್ಪು ತೋರಿಸಿ ಎಂದು ಕೇಳಿದ್ದಕ್ಕೆ ಅವರು ನಕ್ಕರು. ಈಗ ಅದನ್ನು ಯಾರು ಕೊಯ್ಯುತ್ತಾರೆ, ಆಟಿ ಬಂದಾಗ ಗಿಡವೇ ಪರಿಮಳ ಬಿಟ್ಟು ಕರೆಯುತ್ತದೆ, ಆಗ ಬನ್ನಿ ಎಂದರು. ಅವಳು ಬಿಡಲಿಲ್ಲ. ಅವರು ಕೊಡೆಯ ತುದಿಯಿಂದ ಕೆಳಗಿನ ಬೇಲಿಯ ಕಡೆ ತೋರಿಸಿ, ಚರಂಡಿ ಬಿಡಿಸುತ್ತಿದ್ದ ಆಳುಗಳ ಹತ್ತಿರ ಹೋದರು. ಇಲ್ಲಿನವರು ಆ ಸೊಪ್ಪನ್ನು ಗುರುತು ಹಿಡಿಯುವುದು ಮೂಗಿನಿಂದ. ಜೂನಿನಲ್ಲಿ ಅದಕ್ಕೆ ಪರಿಮಳವೇ ಇರುವುದಿಲ್ಲ. ಬೇಲಿಯ ಹತ್ತಿರ ನೋಡಿದರೆ ಎಲ್ಲವೂ ಹಸಿರು, ಎಲ್ಲವೂ ನೀಳ ಎಲೆ. ಜಿಗಣೆಗೆ ಹೆದರುತ್ತ ಕೈಗೆ ಸಿಕ್ಕ ನಾಲ್ಕು ಕುಡಿ ಕಿತ್ತು, ಕಂಚಿನ ತಟ್ಟೆಯಲ್ಲಿಟ್ಟು, ಚೆಂದದ ಫೋಟೋ ತೆಗೆದಳು. ಅದನ್ನು ಪಾಯಸದ ಫೋಟೋದ ಜೊತೆ ಸೇರಿಸಿ, ಕೆಳಗೆ ಬರೆದಳು: ‘ನಿಮ್ಮ ಮನೆ ಬೇಲಿಯಲ್ಲೂ ಇರಬಹುದು, ಹುಡುಕಿ ನೋಡಿ. ಸಿಕ್ಕವರು ಕಾಮೆಂಟ್ ಮಾಡಿ.’ ಜನ ಮಾತಾಡಿದಷ್ಟೂ ವ್ಯಾಪಾರ ಎಂದು ಅವಳು ಎಲ್ಲೋ ಕಲಿತಿದ್ದಳು. ಯಮುನಕ್ಕ ಗಡಿಬಿಡಿಯಲ್ಲಿ ಇಡೀ ತಿಂಗಳಿನದನ್ನು ಒಂದೇ ಸಲ ನೋಡಿ ಓಕೆ ಎಂದರು.

ಆಟಿ ಹದಿನೆಂಟರ ಬೆಳಗಾಯಿತು. ಫೋಟೋ ತಾನಾಗಿ ಹೋಯಿತು. ರಂಜಿತಾ ಕಾಫಿ ಲೋಟ ಹಿಡಿದು ಕೂತಿದ್ದಾಗ ಯಮುನಕ್ಕನ ಫೋನು ಬಂತು.

“ರಂಜಿತಾ, ಅದು ಮದ್ದುಸೊಪ್ಪಲ್ಲ.”

ಯಾವ ಸೊಪ್ಪು ಹಾಗಾದರೆ ಎಂದು ಅವಳು ಕೇಳಿದಳು. ತನಗೆ ಗೊತ್ತಿಲ್ಲ, ಮೊದಲು ತೆಗೆದುಹಾಕು ಎಂದರು ಯಮುನಕ್ಕ. ಅವಳು ಹಿಂದೆಮುಂದೆ ನೋಡದೆ ಅಳಿಸಿಬಿಟ್ಟಳು. ಅಳಿಸಿದ ಮೇಲೆ ಹೊಳೆಯಿತು: ಫೋಟೋದ ಜೊತೆಗೆ ಕಾಮೆಂಟುಗಳೂ ಹೋದವು. ಸಿಕ್ಕಿತು, ಸಿಕ್ಕಿತು ಎಂದು ಯಾರು ಯಾರು ಬರೆದಿದ್ದರೋ, ಅವರನ್ನು ತಲುಪುವ ದಾರಿಯೂ ಹೋಯಿತು. ಅಳಿಸಿದ್ದನ್ನು ಫೇಸ್‌ಬುಕ್ಕಿನ ಕಸದಬುಟ್ಟಿಯಿಂದ ವಾಪಸ್ ತರಬಹುದಿತ್ತು. ತಂದರೆ ಆ ಸೊಪ್ಪೂ ವಾಪಸ್ ಬರುತ್ತದೆ. ಆದರೂ ಅವಳು ತಂದಳು, ಮೇಲೆ ‘ಇದು ಮದ್ದುಸೊಪ್ಪಲ್ಲ, ದಯವಿಟ್ಟು ಯಾರೂ ತಿನ್ನಬೇಡಿ’ ಎಂದು ಬರೆದಳು, ಒಂದೊಂದೇ ಕಾಮೆಂಟು ಓದತೊಡಗಿದಳು.

ಹೆಚ್ಚಿನವು ಹೂವು, ನಗು, ಕೈಮುಗಿತ. ಸೋಮವಾರಪೇಟೆಯ ಒಬ್ಬರು ಬರೆದಿದ್ದರು, ಇದನ್ನು ನಮ್ಮ ಕಡೆ ದನವೂ ಮುಟ್ಟುವುದಿಲ್ಲ ಎಂದು. ಅದರ ಕೆಳಗೇ ಮಹಾದೇವಮ್ಮ ಎಂಬವರ ಕಾಮೆಂಟು. ಊರು ಪಿರಿಯಾಪಟ್ಟಣದ ಹತ್ತಿರವಂತೆ. ಮೊರದ ತುಂಬ ಕಿತ್ತಿಟ್ಟ ಸೊಪ್ಪಿನ ಫೋಟೋ ಹಾಕಿದ್ದರು, ಥೇಟ್ ರಂಜಿತಾಳ ತಟ್ಟೆಯಲ್ಲಿದ್ದ ಎಲೆಯೇ. ‘ಸಿಕ್ತು ಮೇಡಂ. ಮೊಮ್ಮಗಳಿಗೆ ಪಾಯಸ ಮಾಡ್ತಿದೀನಿ.’

ಬೇಡ ಎಂದು ಬರೆದಳು. ಉತ್ತರವಿಲ್ಲ. ಮೆಸೇಜು ಕಳಿಸಿದಳು, ಮೆಸೆಂಜರಿನಲ್ಲೇ ಕರೆ ಮಾಡಿದಳು, ರಿಂಗಾಗಿ ರಿಂಗಾಗಿ ನಿಂತಿತು. ಆ ಹೆಂಗಸಿನ ಪ್ರೊಫೈಲಿನಲ್ಲಿ ಎರಡು ಜಡೆಯ ಪುಟ್ಟ ಹುಡುಗಿಯ ಫೋಟೋ ಇತ್ತು, ಮೂರೋ ನಾಲ್ಕೋ ವರ್ಷದ್ದು. ನೋಡಬಾರದೆಂದರೂ ಅದನ್ನೇ ನೋಡುತ್ತಿದ್ದಳು. ಮಗುವಿಗೇನಾದರೂ ಆದರೆ ಕೊಂದವಳು ನಾನೇ ಎಂದು ಅವಳ ಮನಸ್ಸು ನೇರವಾಗಿ ಹೇಳಿತು.

ಅಷ್ಟರಲ್ಲಿ ಬೋಜಪ್ಪ ಬೇಲಿಗೆ ಹೋಗಿ ಬಂದಿದ್ದರು. ಮದ್ದುಸೊಪ್ಪು ಅಲ್ಲೇ ಒಂದು ಮಾರು ಆಚೆ ಘಮಘಮ ಎನ್ನುತ್ತಿತ್ತಂತೆ. ಇವಳು ಕಿತ್ತದ್ದು ಪಕ್ಕದ ಕಾಡುಗಿಡ. ಅದು ವಿಷವೋ ಅಲ್ಲವೋ ಹೇಳಲಿಕ್ಕೆ ತನ್ನಿಂದಾಗುವುದಿಲ್ಲ, ತಿಂದವರನ್ನು ತಾನು ಕಂಡಿಲ್ಲ ಎಂದು ಫೋನಿನಲ್ಲಿ ಹೇಳಿದರು. ವಿಷ ಎಂದಿದ್ದರೂ ರಂಜಿತಾ ಇಷ್ಟು ಹೆದರುತ್ತಿರಲಿಲ್ಲವೇನೋ.

ಯಮುನಕ್ಕ ಮತ್ತೆ ಫೋನು ಮಾಡಿದರು. ಅವರ ದನಿಯೂ ಕುಗ್ಗಿತ್ತು. “ನೀರಿನ ಬಣ್ಣ ಎಂತ ಬಂತು ಅಂತ ಕೇಳು. ನೇರಳೆ ಬಾರದಿದ್ರೆ ಯಾರಾದ್ರೂ ಚೆಲ್ತಾರೆ ಅಲ್ವಾ, ಪಾಯಸದ ಫೋಟೋ ನೋಡಿದ್ದಾರಲ್ಲ.” ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡು ರಂಜಿತಾ ಮಧ್ಯಾಹ್ನದವರೆಗೆ ಜೀವ ಹಿಡಿದಳು. ಚೆಲ್ಲಿರುತ್ತಾರೆ. ಬಣ್ಣ ಬರದಿದ್ದರೆ ಚೆಲ್ಲಿಯೇ ಇರುತ್ತಾರೆ.

ಊಟದ ಹೊತ್ತು ದಾಟಿದ ಮೇಲೆ ಮಹಾದೇವಮ್ಮ ತಾವೇ ಕರೆ ಮಾಡಿದರು. ಮೊಬೈಲು ಚಾರ್ಜಿಗೆ ಹಾಕಿ ಹೊಲಕ್ಕೆ ಹೋಗಿದ್ದರಂತೆ. ರಂಜಿತಾ ನಮಸ್ಕಾರವನ್ನೂ ಹೇಳದೆ ನೀರಿನ ಬಣ್ಣ ಕೇಳಿದಳು.

“ಹಸಿರೇ ಇತ್ತು ಮೇಡಂ, ಬಣ್ಣನೇ ಬಿಡ್ಲಿಲ್ಲ. ಆಮೇಲೆ ಒಂದು ಬೀಟ್‌ರೂಟ್ ತುರಿದು ಹಿಂಡ್ದೆ ನೋಡಿ, ನಿಮ್ಮ ಫೋಟೋ ತರಾನೇ ಬಂತು.”

“ಮಗು ತಿಂತಾ?”

“ಆಗ್ಲೇ ತಿಂದ್ಳು. ಮಲಗವ್ಳೆ.”

ಎಬ್ಬಿಸಿ ಎಂದಳು ರಂಜಿತಾ. ಈಗಲೇ ಎಬ್ಬಿಸಿ. ಫೋನಿನ ಆ ಕಡೆ ಬಾಗಿಲು ಸರಿದ ಸದ್ದು, ಪುಟ್ಟೀ, ಏಳವ್ವಾ ಎನ್ನುವ ದನಿ, ಮತ್ತೆ ಪುಟ್ಟೀ. ಆಮೇಲೆ ಸುಮ್ಮನೆ. ರಂಜಿತಾಳಿಗೆ ದೇವರ ಹೆಸರು ಕೂಡ ಬಾಯಿಗೆ ಬರಲಿಲ್ಲ. ಆಗ ನಿದ್ದೆ ಕೆಡಿಸಿದ ಸಿಟ್ಟಿಗೆ ಮಗು ರಾಗವೆಳೆದು ಅಳತೊಡಗಿತು. ಅಷ್ಟು ಇಂಪಾದ ಅಳುವನ್ನು ಅವಳು ಹಿಂದೆಂದೂ ಕೇಳಿರಲಿಲ್ಲ.

ನಿಜವನ್ನು ಹೇಳಿದಳು. ತಪ್ಪು ಸೊಪ್ಪು ಹಾಕಿದವಳು ನಾನು, ಉಳಿದ ಎಲೆಯನ್ನು ಕೈಯಲ್ಲಿ ಹಿಡಿದುಕೊಂಡು ಈಗಿಂದೀಗ ಆಸ್ಪತ್ರೆಗೆ ಹೋಗಿ ಎಂದಳು. ಮಹಾದೇವಮ್ಮ ತಮ್ಮ ನಂಬರು ಕೊಟ್ಟು ಫೋನಿಟ್ಟರು.

ಸಂಜೆ ರಂಜಿತಾ ತಾನೇ ಫೋನು ಮಾಡಿದಳು. ಮಗು ಒಂದು ಸಲ ವಾಂತಿ ಮಾಡಿಕೊಂಡಿತ್ತು, ಡಾಕ್ಟರು ನೋಡಿ ಹೆದರುವಂಥದ್ದು ಏನಿಲ್ಲ ಎಂದು ಕಳಿಸಿದ್ದರು. ಈಗ ಸಾರನ್ನ ತಿಂದು ಅಂಗಳದಲ್ಲಿ ಆಡುತ್ತಿದೆಯಂತೆ. ಬೈಗುಳಕ್ಕೆ ರಂಜಿತಾ ತಯಾರಾಗಿಯೇ ಇದ್ದಳು, ಬೈದರೆ ಎದೆ ಹಗುರವಾದೀತು ಎಂದು ಕಾಯುತ್ತಲೂ ಇದ್ದಳು.

ಮಹಾದೇವಮ್ಮ ಬೈಯಲಿಲ್ಲ. “ಮಗಾ ಕಹಿ ಅಂತ ಉಗೀತು ಮೇಡಂ. ನಾನೇ ಗದರಿಸಿ ಇನ್ನೊಂದು ಸೌಟು ತಿನ್ನಿಸ್ದೆ. ನೀವು ಹಾಕಿದ್ರಲ್ಲ, ಒಳ್ಳೇದೇ ಇರ್ತದೆ ಅಂದ್ಕೊಂಡೆ.”

ತಪ್ಪಾಯಿತು ಎಂದಳು ರಂಜಿತಾ. ಮಹಾದೇವಮ್ಮ ಸಮಾಧಾನ ಮಾಡುವ ದನಿಯಲ್ಲೇ ಕೇಳಿದರು.

“ಮುಂದಿನ ಹಬ್ಬಕ್ಕೆ ಏನು ಹಾಕ್ತೀರಿ? ಮೊದ್ಲೇ ಹೇಳಿದ್ರೆ ತಂದಿಟ್ಕೋತೀನಿ.”