ಹಾರುವ ಹುಡುಗಿ ಮತ್ತು ನನ್ನ ಹೆಬ್ಬೆರಳು

ದನದ ಕೊಟ್ಟಿಗೆಯಲ್ಲಿ ಸೆಗಣಿಯ ಮೇಲೆ ಕಾಲು ಜಾರಿ ಬಿದ್ದು ನನ್ನ ಬಲಗೈ ಮುರಿಯಿತು. ಗೋಕಾಕದ ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿದರು, ಆಮೇಲೆ ತೆಗೆದರು. ತೆಗೆದ ಮೇಲೆ ನೋಡಿದರೆ ಕೈ ನನ್ನದೇ, ಹೆಬ್ಬೆರಳು ಮಾತ್ರ ಬೇರೆ ಯಾರದೋ. ಹೇಳಿದ ಮಾತು ಕೇಳುತ್ತಿರಲಿಲ್ಲ.

ರೊಟ್ಟಿ ಬಡಿಯಲು ಸೊಸೆ ಇದ್ದಾಳೆ, ಅದರ ಚಿಂತೆ ಇಲ್ಲ. ಚಿಂತೆ ಎಮ್ಮೆಯದು. ನಮ್ಮ ಎಮ್ಮೆ ನನ್ನ ಕೈಗಲ್ಲದೆ ಇನ್ನೊಬ್ಬರ ಕೈಗೆ ತೊರೆ ಬಿಡುವುದಿಲ್ಲ, ಅಂದರೆ ಕೆಚ್ಚಲಿಗೆ ಹಾಲು ಇಳಿಸುವುದಿಲ್ಲ. ಮಗ ಕೂತರೆ ಒದೆಯುತ್ತದೆ. ಸೊಸೆ ಕೂತರೆ ತಿರುಗಿ ನೋಡಿ ಸುಮ್ಮನೆ ನಿಲ್ಲುತ್ತದೆ. ಹಾಲೆಲ್ಲ ಕರುವಿನ ಪಾಲಾಗಿ ಕರು ಮಾತ್ರ ಗುಂಡಗಾಗಿತ್ತು.

ಒಂದು ಮುಂಜಾನೆ ಮಗ ಚಹಾ ಕುಡಿಯುತ್ತ ಹೇಳಿದ: “ಯವ್ವಾ, ಘೋಡಗೇರಿಯಾಂವ ಒಬ್ಬ ಎಮ್ಮಿ ನೋಡಾಕ ಬರ್ತೇನಿ ಅಂದಾನ. ಅಮಾಸಿ ಮುಗದ ಮ್ಯಾಲ ಬರ್ತಾನ. ಅಷ್ಟರಾಗ ನಿನ್ನ ಕೈಲೆ ಹಿಂಡಾಕ ಆದ್ರ ಎಮ್ಮಿ ಇರಲಿ. ಇಲ್ಲಂದ್ರ ಹೊಡಕೊಂಡ ಹೋಗ್ಲಿ.”

“ನನ್ನ ಕೇಳಿ ಕರದಿಯೇನು?”

“ನಿನಗ ಹಿಂಡಾಕ ಆಗೂದಿಲ್ಲ, ನನಗ ಅದು ಹಿಂಡಗೊಡೂದಿಲ್ಲ. ಕೇಳೂದ ಏನೈತಿ?”

ಅವನ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ದವಾಖಾನೆಯಲ್ಲಿ ಒಂದು ರಬ್ಬರ್ ಚೆಂಡು ಕೊಟ್ಟು ದಿನಾ ಒತ್ತಿರಿ ಅಂದಿದ್ದರು. ಕೂತು ಚೆಂಡು ಒತ್ತುವುದು ಕೆಲಸವಿಲ್ಲದವರ ಕೆಲಸ. ಅದು ಒಂದು ದಿನ ಮಂಚದ ಕೆಳಗೆ ಉರುಳಿತು, ನಾನೂ ಎತ್ತಲು ಹೋಗಲಿಲ್ಲ.

ಮೊಮ್ಮಗಳು ಗೋಕಾಕದ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಸಂಜೆ ಬಸ್ಸಿಗೆ ನಮ್ಮ ಮೇಲವಂಕಿಗೆ ಬರುತ್ತಾಳೆ. ಯಾರೋ ಬಳಸಿ ಬಿಟ್ಟ ಆಟದ ಪೆಟ್ಟಿಗೆಯೊಂದನ್ನು ತಂದು ಟಿವಿಗೆ ಜೋಡಿಸಿಕೊಂಡಿದ್ದಳು. ಚೆಂಡಿನ ಗತಿ ನೋಡಿ ಆಟದ ರಿಮೋಟನ್ನು ನನ್ನ ಕೈಗೆ ತುರುಕಿದಳು.

“ಆಯಿ, ಚೆಂಡಿನ ಬದಲಿ ಇದನ್ನ ಒತ್ತು. ಇದರಾಗ ಒಂದ ಊರ ಐತಿ. ಊರ ತುಂಬ ಕಳ್ಳರು. ನೀ ಹಾರಿ ಹೋಗಿ ಹಿಡೀಬೇಕು.”

“ಪೋಲೀಸರು ಎಲ್ಲಿ ಹೋಗ್ಯಾರ?”

“ಅವರೂ ಅದಾರ. ಅವರ ಕೈಲೆ ಆಗೂದಿಲ್ಲ.”

ಹಾಗಾದರೆ ಖರೇ ಊರೇ ಇರಬೇಕು ಅಂದುಕೊಂಡೆ.

ಪರದೆಯ ಮೇಲೆ ಮುಖ ಅರ್ಧ ಮುಚ್ಚಿಕೊಂಡ ಒಬ್ಬ ಹುಡುಗಿ ನಿಂತಿದ್ದಳು. ಮೈಗೆ ಅಂಟಿದ ಕರಿ ಬಟ್ಟೆ.

“ಇಕಿ ಯಾರ ಪೈಕಿ?” ಅಂದೆ.

“ಯಾರ ಪೈಕಿನೂ ಅಲ್ಲ. ಇಕಿ ನೀನ.”

“ನಾ ಇಂಥಾ ಅರಿವಿ ಹಾಕ್ಕೊಳ್ಳೂದಿಲ್ಲ.”

ಬಟ್ಟೆ ಬದಲಿಸಲೂ ಅದರಲ್ಲಿ ಬರುತ್ತದೆ. ಎಲ್ಲ ನೋಡಿ, ಬೆನ್ನ ಹಿಂದೆ ಉದ್ದಕ್ಕೆ ಇಳಿಬಿದ್ದದ್ದನ್ನು ಆರಿಸಿದೆ. ಸೆರಗು ಅಂದುಕೊಂಡಿದ್ದೆ. ಹಿಂದೆ ಪಟಪಟ ಹಾರುತ್ತದೆ ಅಷ್ಟೇ, ತಲೆಯ ಮೇಲೆ ಬರುವುದಿಲ್ಲ. ಕೆಲಸಕ್ಕೆ ಬಾರದ ಸೆರಗು.

ಹಾರುವುದು ಹೀಗೆ: ಬಲ ಹೆಬ್ಬೆರಳಿನಿಂದ ಕೆಳಗಿನ ಗುಂಡಿ ಒತ್ತಿ ಹಿಡಿಯಬೇಕು, ಹುಡುಗಿ ಕುಕ್ಕರಿಸುತ್ತಾಳೆ. ಹದ ನೋಡಿ ಬಿಟ್ಟರೆ ಮುಂದಿನ ಕಟ್ಟಡಕ್ಕೆ ಚಿಮ್ಮುತ್ತಾಳೆ. ನನಗೆ ಅದು ಗೊತ್ತಿರಲಿಲ್ಲ. ಮೊಮ್ಮಗಳು ಬಾಜೂ ಕೂತು, “ಹಿಡಿ, ಹಿಡಿ, ಹಿಡಿ. ಈಗ ಬಿಡು. ಬಿಡು ಆಯಿ,” ಅಂದಳು. ನಾನು ರಿಮೋಟನ್ನು ನೆಲಕ್ಕೆ ಇಟ್ಟುಬಿಟ್ಟೆ. ನಮ್ಮ ಮನೆಯಲ್ಲಿ ಬಿಡು ಅಂದರೆ ಬಿಟ್ಟು ಎದ್ದು ಹೋಗು ಅಂತಲೇ ಅರ್ಥ. ಹುಡುಗಿ ಕಟ್ಟಡದ ತುದಿಯಿಂದ ತಲೆಕೆಳಗಾಗಿ ಬಿದ್ದಳು.

“ಬಟ್ಟ ಬಿಡು ಅಂದ್ನಿ, ಆಟ ಬಿಡು ಅನ್ಲಿಲ್ಲ,” ಅಂತ ನನ್ನ ಬೆರಳು ತೋರಿಸಿದಳು.

“ಹಂಗಾರ ಬಟ್ಟ ಬಿಡು ಅನ್ನು.”

“ಅಷ್ಟ ಅನ್ನೂದ್ರಾಗ ಇಕಿ ನೆಲಕ್ಕ ಬಡೀತಾಳ.”

ಬಡಿದಳು. ಮೈ ಕೊಡವಿಕೊಂಡು ಎದ್ದು ನಿಂತಳು. ಒಂದು ಎಲುಬೂ ಮುರಿಯಲಿಲ್ಲ. ನಾನು ನೆಲದ ಮೇಲೆ ನಡೆಯುತ್ತ ಬಿದ್ದು ಕೈ ಮುರಿದುಕೊಂಡವಳು. ಅವಳ ಮೇಲೆ ಸ್ವಲ್ಪ ಸಿಟ್ಟು ಬಂತು.

ಇನ್ನೂ ನಾಲ್ಕಾರು ಸಲ ಬೀಳಿಸಿದೆ. ಕಡೆಗೆ ಮೊಮ್ಮಗಳು ತಲೆ ಕೆರೆದುಕೊಂಡು, “ಆಯಿ, ಎಮ್ಮಿ ಮೊಲಿ ಹಿಡದಂಗ ಹಿಡಿ. ಹಾಲ ಹಾರೂತ್ಲೆ ಹೆಂಗ ಬಿಡ್ತೀ, ಹಂಗ ಬಿಡು,” ಅಂದಳು. ಮೊದಲೇ ಹೇಳಬಾರದೇ. ಮೊಲೆಯನ್ನು ಜಾಸ್ತಿ ಹೊತ್ತು ಹಿಡಿದರೆ ಎಮ್ಮೆಗೆ ನೋವು, ಬೇಗ ಬಿಟ್ಟರೆ ಹಾಲಿಲ್ಲ. ಅವತ್ತಿನಿಂದ ಹುಡುಗಿ ಬೀಳುವುದು ಕಡಿಮೆಯಾಯಿತು.

ಆ ಊರು ನೋಡುವ ಹಾಗಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರನ್ನೂ ಒಂದರ ಮೇಲೊಂದು ಇಟ್ಟರೂ ಅಷ್ಟು ಎತ್ತರ ಆಗಲಿಕ್ಕಿಲ್ಲ. ಎಲ್ಲಿಗೆ ಬೇಕಾದರೂ ಹೋಗಬಹುದು, ಯಾಕೆ ಬಂದೆ ಅಂತ ಕೇಳುವವರಿಲ್ಲ. ಅಷ್ಟೆಲ್ಲ ಮಾಳಿಗೆ ಇದ್ದೂ ಒಂದರ ಮೇಲೂ ಯಾರೂ ಹಪ್ಪಳ ಒಣಹಾಕಿರಲಿಲ್ಲ. ಒಂದು ಎಮ್ಮೆಯಾದರೂ ಇದೆಯೇನೋ ಎಂದು ಈ ತುದಿಯಿಂದ ಆ ತುದಿಯವರೆಗೆ ಹಾರಿದೆ. ಇಲ್ಲ. ಊರ ನಡುವೆ ದೊಡ್ಡ ಬಯಲು, ಮೊಣಕಾಲುದ್ದ ಹಸಿರು ಹುಲ್ಲು, ಕೊಯ್ಯುವವರಿಲ್ಲ. ಹೊಟ್ಟೆ ಉರಿಯಿತು.

ಹೊಡೆದಾಟ ನನಗೆ ಸೇರಲಿಲ್ಲ. ಹೊಡೆದ ಕಳ್ಳರೇ ಮತ್ತೆ ಮತ್ತೆ ಬರುತ್ತಾರೆ.

“ಇಂವನ್ನ ನಿನ್ನೆ ಹೊಡದೇನಲ್ಲ?”

“ಇಂವ ಬ್ಯಾರೆಯಾಂವ ಆಯಿ.”

“ಅಂಗಿ ಅದ ಐತಿ, ಮಾರಿನೂ ಅದ ಐತಿ.”

“ಆಟ ಮಾಡಿದವರಿಗೆ ಬ್ಯಾಸರಾಗಿರಬೇಕು.”

ಕಳ್ಳರ ಯಜಮಾನ ಒಬ್ಬ ಮಾಳಿಗೆಯ ಮೇಲೆ ನಿಂತು ಬಹಳ ಹೊತ್ತು ಇಂಗ್ಲಿಷಿನಲ್ಲಿ ಬೆದರಿಸುತ್ತಾನೆ. ಹೊಡೆಯುವವನು ಅಷ್ಟು ಮಾತಾಡುವುದಿಲ್ಲ, ಇವನು ಹೊಡೆಯಲಾರ ಅಂತ ನನಗೆ ಆಗಲೇ ಗೊತ್ತಾಯಿತು. ಮೊಮ್ಮಗಳು ಹೊಡೆದಾಡಲಿ, ನಾನು ಹಾರುತ್ತೇನೆ ಅಂತ ಪಾಲು ಮಾಡಿಕೊಂಡೆವು.

ಬೆರಳು ನೋಯುತ್ತಿತ್ತು, ನೋವಿನ ಜೊತೆಗೇ ಬಗ್ಗುತ್ತಲೂ ಇತ್ತು. ಮೊದಲು ಉಪ್ಪು ಚಿವುಟಲು ಬಂತು. ಆಮೇಲೆ ಕುಬಸದ ಗುಂಡಿ. ಅಮಾವಾಸ್ಯೆಗೆ ಮುಂಚೆ ಯಾರಿಗೂ ಹೇಳದೆ ಎಮ್ಮೆಯ ಹತ್ತಿರ ಕೂತೆ. ಅದು ತೊರೆ ಬಿಟ್ಟಿತು, ನನ್ನ ಬೆರಳು ಕೈಕೊಟ್ಟಿತು. ಎಮ್ಮೆ ಸ್ವಲ್ಪ ಹೊತ್ತು ಕಾದು ಕಾಲೆತ್ತಿತು. ಎದ್ದು ಬಂದು ಮತ್ತೆ ಟಿವಿ ಹಚ್ಚಿದೆ. ಸೊಸೆ ಅಡುಗೆಮನೆಯಿಂದ, “ಅತ್ತಿ, ನಿಮ್ಮ ಹುಡುಗಿಗಿ ಊಟ ಇಲ್ಲೇನ್ರಿ?” ಅಂದಳು. ಹಾರುವವಳಿಗೆ ಹಸಿವಾಗುವುದಿಲ್ಲ ಅಂದೆ.

ಅಮಾವಾಸ್ಯೆ ಮುಗಿದ ಮೇಲೆ ಒಂದು ಸಂಜೆ, ಮೊಮ್ಮಗಳು ಬಸ್ಸಿಳಿದು ಮನೆಗೆ ಬಂದ ಹೊತ್ತಿಗೆ ಘೋಡಗೇರಿಯವನು ಬಂದ. ಎಮ್ಮೆಯ ಹಲ್ಲು ನೋಡಿದ, ಕೆಚ್ಚಲು ಮುಟ್ಟಿದ, ಸುತ್ತ ತಿರುಗಿದ. “ಹಿಂಡಿ ತೋರಿಸ್ರಿ,” ಅಂದ. ಹಾಲು ಕಣ್ಣಾರೆ ಕಾಣದೆ ಯಾರೂ ಎಮ್ಮೆ ಹಿಡಿಯುವುದಿಲ್ಲ. ಮಗ ಕೂತ, ಬಕೆಟ್ಟು ಉರುಳಿತು. ಬಂದವನೇ ಕೂತು ನೋಡಿದ, ಒಂದು ಹನಿ ಇಳಿಯಲಿಲ್ಲ.

“ಇದೇನ್ರಿ, ಬತ್ತಿದ ಎಮ್ಮಿ ತೋರ್ಸಾಕತ್ತೀರಿ?”

“ಏಳ್ರಿ,” ಅಂದೆ. ಕರು ಬಿಟ್ಟು, ಎಳೆದು ಕಟ್ಟಿ, ಕೆಚ್ಚಲು ತೊಳೆದು ಕೂತೆ. ಎಡಗೈ ತನ್ನ ಕೆಲಸ ಮಾಡಿತು. ಬಲಗೈಯದು ಮೊದಲು ನೂಲಿನಷ್ಟು ತೆಳ್ಳಗೆ ಬಂದು ನನ್ನ ಸೀರೆಯ ಮೇಲೆ ಬಿತ್ತು. ಇನ್ನೊಮ್ಮೆ ಒತ್ತಿದೆ, ಬಕೆಟ್ಟಿಗೆ ಬಿತ್ತು. ಆಮೇಲೆ ಸದ್ದು ಸರಿಯಾಯಿತು. ನೊರೆ ಮೇಲೆ ಬರುವ ಹೊತ್ತಿಗೆ ಬೆರಳು ಸೆಟೆದುಕೊಂಡಿತು. ಎದ್ದು ಮೊಮ್ಮಗಳನ್ನು ನನ್ನ ಜಾಗದಲ್ಲಿ ಕೂರಿಸಿ, ಎಮ್ಮೆಯ ಬೆನ್ನು ಕೆರೆಯುತ್ತ ನಿಂತೆ. ಇಳಿಸಿದ ಹಾಲನ್ನು ಎಮ್ಮೆ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಮೊಮ್ಮಗಳು ಬಾಯಿ ಬಿಗಿಹಿಡಿದು ಉಳಿದದ್ದನ್ನು ಹಿಂಡಿದಳು.

“ಚಲೋ ಎಮ್ಮಿರಿ. ಒಯ್ತೇನಿ,” ಅಂದ ಘೋಡಗೇರಿಯವನು.

ಮಗ ಬಕೆಟ್ಟು ನೋಡಿದ, ನನ್ನನ್ನು ನೋಡಿದ. “ಕೊಡೂದಿಲ್ರಿ. ಹಿಂಡಾವ್ರು ಅದಾರ.”

“ಕೊಡೂದಿಲ್ಲಂದ್ರ ನನ್ನ ಯಾಕ ಕರದ್ರಿ?”

“ಚಾ ಕುಡ್ಯಾಕ ಕರದೇವಿ,” ಅಂದೆ. “ಕುಂದರ್ರಿ.”

ಆ ಹಾಲಿನದೇ ಚಹಾ ಆಯಿತು. ಅವನು ನಮ್ಮನ್ನು ಬೈಯುತ್ತಲೇ ಕುಡಿದ, ಇನ್ನೊಂದಿಷ್ಟು ಹಾಕಿಸಿಕೊಂಡ.