ಮಿಲಿಟ್ರಿ ಸಣ್ಣಪ್ಪ ಹಾಕಿದ ಪಿನ್ನು

ಮಿಲಿಟ್ರಿ ಸಣ್ಣಪ್ಪ ಕೋವಿಗಳನ್ನು ಬೈಯುತ್ತಿದ್ದ. ಹೆಂಡತಿಯನ್ನಾಗಲಿ ಮಗಳನ್ನಾಗಲಿ ಅವನು ಬೈದದ್ದನ್ನು ನಾನು ಕೇಳಿಲ್ಲ, ಕೋವಿಯನ್ನು ಮಾತ್ರ ಬೈಯದೆ ಮುಟ್ಟುತ್ತಿರಲಿಲ್ಲ. ಜಗಲಿಯ ಮೇಲೆ ಗೋಣಿಚೀಲ ಹಾಸಿ, ಯಾರದೋ ಒಂಟಿ ನಳಿಗೆಯ ಕೋವಿಯನ್ನು ಬಿಚ್ಚಿ ಮಲಗಿಸಿಕೊಂಡು, "ಏನೇ ಮೂದೇವಿ, ಮೈಗೆಲ್ಲ ಅರಳೆಣ್ಣೆ ಬಳ್ಕಂಡು ಕುಂತಿದೀಯಲ್ಲ, ನಿಂಗೇನು ಬಾಣಂತನವಾ?" ಎನ್ನುತ್ತಿದ್ದ. ಗೋಡೆಯ ಈಚೆ ರಾಗಿ ಬೀಸುತ್ತಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು. ನಗು ಬರುತ್ತಿತ್ತು.

ನಮ್ಮದು ಮಲ್ಲಿಪಟ್ಟಣದ ಕಡೆಯ ಹಳ್ಳಿ. ಜೋಳಕ್ಕೆ, ಆಲೂಗೆಡ್ಡೆಗೆ ಕಾಡುಹಂದಿಗಳ ಕಾಟ. ಹಾಗಾಗಿ ಬೆಳೆ ಕಾಯಲಿಕ್ಕೆ ಲೈಸೆನ್ಸು ಮಾಡಿಸಿದ ಕೋವಿ ಕೆಲವರ ಮನೆಯಲ್ಲಿತ್ತು. ಸಣ್ಣಪ್ಪ ಮಿಲಿಟ್ರಿಯಲ್ಲಿ ಬಂದೂಕು ರಿಪೇರಿ ಮಾಡಿ ಪೆನ್ಷನ್ ಮೇಲೆ ಬಂದವನು. ಊರಲ್ಲಿ ರಿಪೇರಿ ಮಾಡಲಿಕ್ಕೆ ಅವನಿಗೆ ಲೈಸೆನ್ಸು ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು, ಯಾರೂ ಕೇಳಿರಲಿಲ್ಲ.

ಅವನದು ದೊಡ್ಡ ಬಾಯಿ. ಕೊಡಲಿಗೆ ಕಾವು ಹೇಗೆ ಹಾಕಬೇಕು, ಸಾರಿಗೆ ಉಪ್ಪು ಯಾವಾಗ ಹಾಕಬೇಕು, ಎಲ್ಲದಕ್ಕೂ ಅವನ ಮಾತೇ ಕೊನೆ. ನನ್ನ ಸಾರಿನ ವಿಷಯಕ್ಕೆ ಬಂದಾಗ, "ನಿನ್ನ ಪೆರೇಡು ನಿಮ್ಮನೇಲಿ ಮಾಡ್ಕೊ ಹೋಗಣ್ಣ" ಎಂದು ಒಂದು ಸಲ ಬಾಗಿಲು ಹಾಕಿಕೊಂಡಿದ್ದೆ. ಮಾರನೆಯ ದಿನ ಬಂದು ಅದೇ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡ.

ಅವನು ಮಣಿಯದೇ ಇದ್ದದ್ದು ಒಂದಕ್ಕೆ. ಟ್ರಿಗರಿನ ಪಿನ್ನು. ಬಾಗಿಲು ಕೀಲಿನ ಮೇಲೆ ಆಡುವ ಹಾಗೆ ಟ್ರಿಗರು ಒಂದು ಸಣ್ಣ ಪಿನ್ನಿನ ಮೇಲೆ ಆಡುತ್ತದಂತೆ. ಹಳೆಯದನ್ನು ತೆಗೆದು ಹೊರಗಿನಿಂದ ತಂದ ನುಣುಪು ಪಿನ್ನು ಹಾಕಿದರೆ ಟ್ರಿಗರು ಹಗುರಾಗುತ್ತದೆ, ಗುರಿ ಅಲುಗುವುದಿಲ್ಲ ಎಂದು ಯಾರೋ ಹಬ್ಬಿಸಿದ್ದರು. ಗಂಡಸರು ಒಬ್ಬೊಬ್ಬರಾಗಿ ಜಗಲಿಗೆ ಬಂದು ಕೇಳುವರು.

"ಟ್ರಿಗರು ಎಳೆಯೋ ಹೊತ್ಗೆ ಹಂದಿ ಓಡೋಯ್ತದೆ ಕಣಣ್ಣ, ಒಂದು ಪಿನ್ನು ಹಾಕ್ಕೊಡು."

"ಹಂದಿ ಓಡುದ್ರೆ ಪಿನ್ನು ಯಾಕ್ಲಾ ಬದಲಾಯಿಸ್ತೀಯ? ನಿನ್ ಕಾಲು ಬದಲಾಯಿಸ್ಕೊ."

ಆಮೇಲೆ ಮಿಲಿಟ್ರಿ ಕತೆ ಶುರುವಾಗುತ್ತಿತ್ತು. ಅಲ್ಲಿನ ರೈಫಲ್ಲಿನಲ್ಲಿ ಒಂದು ಗುಂಡು ಹೋದರೆ ಇನ್ನೊಂದು ತಾನಾಗಿಯೇ ಬಂದು ಕೂರುತ್ತದೆ, ಆದರೆ ಅದು ಹಾರಬೇಕಾದರೆ ಇನ್ನೊಂದು ಸಲ ಟ್ರಿಗರು ಎಳೆಯಬೇಕು. ಇವನ ಜೊತೆಗಿದ್ದ ಒಬ್ಬ ಶೋಕಿಗೆ ಬಿದ್ದು ಕದ್ದುಮುಚ್ಚಿ ಬಜಾರಿನ ಪಿನ್ನು ಹಾಕಿಕೊಂಡಿದ್ದನಂತೆ. "ಮದ್ವೆ ಹೆಣ್ಣಿನ ಮೂಗುತಿ ಅಂಗೆ ಹೊಳೀತಿತ್ತು ಕಣ್ಲಾ. ಒಂದ್ಸಲ ಎಳ್ದ, ಎರಡು ಗುಂಡು ಓಯ್ತು. ಎರಡ್ನೇದು ಎಲ್ಲಿಗೋಯ್ತು ಅಂತ ಕೇಳ್ಬೇಡ. ಕೋವಿ ಹುಟ್ಟಿದಾಗ ಬಂದ ಪಿನ್ನೇ ಪಿನ್ನು. ಆಮೇಲೆ ತಂದಿದ್ದು ಯಮ ಕಳಿಸಿದ್ದು. ಎತ್ತು ಇದನ್ನ, ನಡಿ." ಈ ಮಾತನ್ನು ಅವನು ಹಳ್ಳಿಮೈಸೂರಿನವರೆಗೂ ಸಾರಿಕೊಂಡು ಬಂದಿದ್ದ.

ನಮ್ಮ ಯಜಮಾನರು ಬಸಪ್ಪನವರು ಮತ್ತು ಸಣ್ಣಪ್ಪ ಒಂದೇ ಕೆರೆಯಲ್ಲಿ ಈಜು ಕಲಿತವರು. ಯಜಮಾನರಿಗೆ ಲಕ್ವ ಹೊಡೆದು ಬಲಗೈ ಸೋತಿತು. ಅನ್ನ ಕಲಸಬಲ್ಲರು, ಟ್ರಿಗರು ಎಳೆಯಲಾರರು. ನನ್ನ ಮೈದುನ ಮಲ್ಲೇಶ, "ಕೋವಿ ನಂಗೆ ಕೊಡಣ್ಣ, ನಾನು ಹೊಲಕ್ಕೆ ಓಯ್ತೀನಿ" ಎಂದ. ಆಗ ಅಣ್ಣತಮ್ಮಂದಿರಿಗೆ ಜಮೀನು ಪಾಲಿನ ಜಗಳ ನಡೆದಿತ್ತು. "ಇವತ್ತು ಕೋವಿ ಕೇಳ್ತಾನೆ, ನಾಳೆ ಹೊಲ ಕೇಳ್ತಾನೆ" ಎಂದು ಇವರು ಊರಿಗೆಲ್ಲ ಕೇಳುವ ಹಾಗೆ ಕೂಗಿದರು. ಕೊಡಲಿಲ್ಲ. ಟ್ರಿಗರು ಹಗುರಾಗುವ ಪಿನ್ನು ಹಾಕಿಕೊಡು ಎಂದು ಸಣ್ಣಪ್ಪನ ಜಗಲಿಗೆ ಹೋಗಿ ಕೂತರು.

ಮೊದಲ ದಿನ ಅವನು ಬೈದು ಕಳಿಸಿದ. ಮತ್ತೆ ಹೋದರು, ಮತ್ತೆ ಬೈದ. ಆಮೇಲೆ ಬೈಗುಳ ಕೇಳಿಸಲಿಲ್ಲ. ಸಣ್ಣಪ್ಪ ಹಾಸನಕ್ಕೆ ಹೋಗಿ, ಯಾವುದೋ ಲೇತಿನಲ್ಲಿ ಪಿನ್ನು ಕಡೆಸಿಕೊಂಡು ಬಂದು ಹಾಕಿಕೊಟ್ಟ. ಕೋವಿ ಕೊಡಲಿಕ್ಕೆ ಬಂದವನು ನನ್ನ ಮುಂದೆಯೇ ಹೇಳಿದ: "ಹಂದಿ ಕಂಡ್ಮೇಲೇ ಗುಂಡು ತುಂಬಬೇಕು. ಮನೆಗೆ ಬರೋ ಮುಂಚೆ ತೆಗೀಬೇಕು. ಇದು ಈಗ ಉಸಿರು ತಾಕುದ್ರೂ ಹಾರ್ತದೆ ಕಣೋ ಬಸಪ್ಪ."

"ಆಯ್ತು ಬುಡೋ" ಎಂದರು ಇವರು.

ಆಯುಧಪೂಜೆ ಬಂತು. ನಮ್ಮ ಮನೆಯ ಪದ್ಧತಿ ಹೇಗೆಂದರೆ, ನೇಗಿಲ ಗುಳ, ಕುಡುಗೋಲು, ಮಚ್ಚಿನ ಜೊತೆ ಕೋವಿಯನ್ನೂ ಮಣೆಯ ಮೇಲೆ ಮಲಗಿಸಿ, ಮನೆಯ ಹಿರಿಯ ಅದರ ಬಾಯಿಗೊಂದು, ಬೆನ್ನಿಗೊಂದು, ಟ್ರಿಗರಿಗೊಂದು ಕುಂಕುಮದ ಬೊಟ್ಟು ಒತ್ತಬೇಕು. ಮಾವನವರೂ ಹಾಗೇ ಒತ್ತುತ್ತಿದ್ದರು. ಮೊದಲಿನ ಟ್ರಿಗರು ಬೊಟ್ಟಿಗೆಲ್ಲ ಜಗ್ಗುವಂಥದ್ದಲ್ಲ. ಆ ದಿನ ಯಜಮಾನರು ಬೆಳಗಾಗುವಾಗ ಹೊಲದಿಂದ ಬಂದು, ಗುಂಡು ತೆಗೆಯುವುದನ್ನು ಮರೆತು, ಕೋವಿಯನ್ನು ಒರೆಸಿ ಮಣೆಯ ಮೇಲಿಟ್ಟಿದ್ದರು. ಪಾಲಿನ ಜಗಳವಿದ್ದರೂ ಹಬ್ಬ ಒಟ್ಟಿಗೇ. ಮಲ್ಲೇಶ ಕೋವಿಯ ಬಾಯಿಗೆ ಎದುರಾಗಿ ಕೂತು ಬೂದುಗುಂಬಳಕ್ಕೆ ಕುಂಕುಮ ತುಂಬುತ್ತಿದ್ದ. ಯಜಮಾನರು ಬಾಯಿಗೆ ಬೊಟ್ಟಿಟ್ಟರು. ಬೆನ್ನಿಗಿಟ್ಟರು. ಟ್ರಿಗರಿಗೆ ಇಟ್ಟರು. ಅನ್ನ ಕಲಸುವಷ್ಟೇ ಬಲವಿದ್ದ ಆ ಬೆರಳು ಸಾಕಾಯಿತು.

ಮಲ್ಲೇಶ ಅಲ್ಲೇ ಹೋದ. ಕುಂಬಳಕಾಯಿ ಒಡೆಯಲೇ ಇಲ್ಲ.

ಪೊಲೀಸರು ಯಜಮಾನರನ್ನು ಹಾಸನದ ಜೈಲಿಗೆ ಹಾಕಿದರು. ಅವರ ಬಾಯಿ ಕಟ್ಟಿಹೋಗಿತ್ತು. ಪಿನ್ನಿನ ಮಾತಿರಲಿ, ತಮ್ಮ ಹೆಸರು ಹೇಳಲಿಕ್ಕೂ ಆಗುತ್ತಿರಲಿಲ್ಲ. ಮಲ್ಲೇಶನ ಹೆಂಡತಿ ಶಾಂತಳ ಅಣ್ಣಂದಿರು, "ಜಮೀನಿಗೋಸ್ಕರ ಬೇಕಂತ್ಲೇ ಹೊಡ್ದವ್ನೆ" ಎಂದು ಬರೆಸಿದರು. ಊರು ಹೌದೆಂದಿತು. ಅಣ್ಣ ತಮ್ಮನಿಗೆ ಕೂಗಿ ಹೇಳಿದ್ದನ್ನು ಊರು ಕೇಳಿತ್ತಲ್ಲ. ಕೊಲೆಯಲ್ಲ ಎನ್ನಲಿಕ್ಕೆ ಉಳಿದಿದ್ದು ಆ ಪಿನ್ನು ಒಂದೇ. ಹೆಂಡತಿಯಾದ ನಾನು ಹೇಳಿದರೆ ಯಾರು ನಂಬುತ್ತಾರೆ? ಅದನ್ನು ಹೇಳಬಲ್ಲವನು ಸಣ್ಣಪ್ಪ ಒಬ್ಬನೇ. ಅವನು ಬಾಗಿಲು ಹಾಕಿಕೊಂಡು ಒಳಗಿದ್ದ. ನಾನು ಬಾಗಿಲು ಗುದ್ದಿದೆ.

"ಪಿನ್ನು ಹಾಕಿದ್ದು ನಾನು ಅಂತ ಹೇಳ್ತೀಯೋ ಇಲ್ವೋ?"

"ನನ್ನೂ ಒಳೀಕೆ ಹಾಕ್ತಾರೆ ತಂಗ್ಯವ್ವ. ಲೈಸೆನ್ಸ್ ಇಲ್ದೆ ಕೋವಿ ಬಿಚ್ಚಿದೀನಿ."

"ಹಾಕ್ಲಿ."

"ಇಷ್ಟು ಹಳ್ಳಿಗೆ ಬ್ಯಾಡ ಬ್ಯಾಡ ಅಂತ ಸಾರ್ಕಂಡು ಬಂದೋನು ನಾನು. ನಾಳೆ ಯಾರು ನನ್ ಮಾತು ಕೇಳ್ತಾರೆ?"

"ಕೇಳದಿದ್ರೆ ಬಾಯಿ ಮುಚ್ಕೊಂಡಿರು. ಮಲ್ಲೇಶ ಮುಚ್ಕೊಂಡಿಲ್ವಾ?"

"ನಿನ್ ಬಾಯಿಗೆ ಮಣ್ಣಾಕ" ಎಂದ. ಅವನು ನನ್ನನ್ನು ಬೈದದ್ದು ಅದೊಂದೇ ಸಲ. ನಾನು ತಿರುಗಿ ಬಂದೆ.

ಬೆಳಿಗ್ಗೆ ನೋಡಿದರೆ ಮಿಲಿಟ್ರಿ ಕೋಟು ಹಾಕಿಕೊಂಡು ಅರಕಲಗೂಡಿನ ಬಸ್ಸಿಗೆ ನಿಂತಿದ್ದ. ತೆಗೆದಿಟ್ಟಿದ್ದ ಹಳೆಯ ಪಿನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡಿದ್ದ. ಸ್ಟೇಷನ್ನಿನಲ್ಲಿ ಹೇಳಿದ, ಆಮೇಲೆ ಕೋರ್ಟಿನಲ್ಲೂ ಹೇಳಿದ. ಲಾಯರು, "ಹೊರಗಿನ ಪಿನ್ನು ಬೇಡ ಅಂತ ಎಲ್ಲರಿಗೂ ನೀವೇ ಹೇಳ್ತಿದ್ರಂತಲ್ಲ?" ಎಂದು ಕೇಳಿದರು.

"ಹೇಳ್ತಿದ್ದೆ ಸಾ. ಗೊತ್ತಿಲ್ದೋನು ಹಾಕಿದ್ರೆ ಅದು ಬೇರೆ. ನಾನು ಗೊತ್ತಿದ್ದೂ ಹಾಕ್ದೆ."

ಯಜಮಾನರದ್ದು ಕೊಲೆಯಲ್ಲ ಎಂದಾಯಿತು. ಮನೆಗೆ ಬಂದರು. ಸಣ್ಣಪ್ಪ ಕೆಲವು ತಿಂಗಳು ಜೈಲಿನಲ್ಲಿದ್ದ. ಅಲ್ಲಿಂದ ಊರಿಗೆ ಬರಲಿಲ್ಲ, ಚನ್ನರಾಯಪಟ್ಟಣದಲ್ಲಿ ಮಗಳ ಮನೆ ಸೇರಿದ. ಮಾತು ತಿರುಗಿ ಬಂದ ಮೇಲೂ ಯಜಮಾನರು ಅವನ ಹೆಸರು ಎತ್ತಲಿಲ್ಲ. ತಮ್ಮನ ಹೆಸರನ್ನೂ ಎತ್ತಲಿಲ್ಲ.

ಕೆಲವು ವರ್ಷದ ಮೇಲೆ ಒಂದು ಮದುವೆಗೆಂದು ಚನ್ನರಾಯಪಟ್ಟಣಕ್ಕೆ ಹೋದಾಗ ಅವನನ್ನು ನೋಡಿದೆ. ಮಗಳು ಮಂಚದ ಮೇಲೆ ಒರಗಿಸಿದ್ದಳು. ಮೈಯಲ್ಲಿ ಮಾಂಸವಿರಲಿಲ್ಲ. ನಾನು ಸುತ್ತಿ ಬಳಸಿ ಮಾತಾಡುವವಳಲ್ಲ.

"ಎಲ್ರಿಗೂ ಇಲ್ಲ ಅಂದೋನು ಇವರಿಗೆ ಯಾಕಣ್ಣ ಹಾಕಿಕೊಟ್ಟೆ? ಸ್ನೇಹಕ್ಕಾ?"

"ಸ್ನೇಹ ಅಂತ ಹೇಳ್ಕೋಬೋದಾಗಿತ್ತು" ಎಂದ. "ಜಂಬ ಕಣವ್ವ. ಬಜಾರಿನ ಪಿನ್ನು ಕೆಟ್ಟದ್ದು, ನಾನು ನಿಂತು ಕಡೆಸಿದ್ದು ಎಲ್ಲಿ ಕೆಡ್ತದೆ ಅನ್ಕಂಡೆ. ಕೆಡ್ಲೂ ಇಲ್ಲ ನೋಡು. ಬಸಪ್ಪ ಹೆಂಗೆ ಕೇಳಿದ್ನೋ ಹಂಗೇ ಕೆಲಸ ಮಾಡ್ತು."

ಆಮೇಲೆ ಕೇಳಿದ: "ಅವ್ನು ಬರಾಕಿಲ್ವಾ?"

"ಇಲ್ಲ. ನಿನ್ ಹೆಸರೂ ಎತ್ತಲ್ಲ."

"ಎತ್ತಬ್ಯಾಡ ಅನ್ನು. ನನ್ ಹೆಸ್ರು ಎತ್ತುದ್ರೆ ಅದರ ಹಿಂದೇನೇ ಮಲ್ಲೇಶ ಎದ್ದು ಬತ್ತಾನೆ."

ಮಗಳು ಕಾಫಿ ತಂದಳು. ಸಕ್ಕರೆ ಯಾವಾಗ ಹಾಕಬೇಕೆಂದು ಅವಳಿಗೆ ಅವನು ಹೇಳಲಿಲ್ಲ. ಕುಡಿದು ಎದ್ದು ಬಂದೆ.

ಸಣ್ಣಪ್ಪ ಹೋದ ಸುದ್ದಿ ಅದೇ ಬೇಸಿಗೆಯಲ್ಲಿ ಬಂತು. ಮಣ್ಣಿಗೆ ಹೋಗಬೇಕು ಎಂದು ನಾನು ಸೀರೆ ಬದಲಾಯಿಸುತ್ತಿದ್ದರೆ, ಯಜಮಾನರೂ ಎದ್ದು ಅಂಗಿ ಹಾಕಿಕೊಂಡರು. ಸೋತ ಕೈಗೆ ಗುಂಡಿ ಸಿಗಲಿಲ್ಲ, ನಾನೇ ಹಾಕಿದೆ. ರಸ್ತೆಯವರೆಗೂ ನನ್ನ ಜೊತೆ ನಡೆದು ಬಂದರು. ಬಸ್ಸು ಬಂತು. ನಾನು ಹತ್ತಿ, ಪಕ್ಕದ ಜಾಗದ ಮೇಲೆ ಟವಲು ಹಾಕಿದೆ. ಕಂಡಕ್ಟರು ಬಾಗಿಲು ಹಿಡಿದುಕೊಂಡು, "ಹತ್ತಿ ಯಜಮಾನ್ರೇ" ಎಂದ. ಅವರು ಹತ್ತಲಿಲ್ಲ.