ಎಂಟು ದಿನಕ್ಕೆ ಬರುತ್ತೇನೆಂದು ಹೋದವನು

ನನ್ನ ಮುತ್ತಾತನ ಅಪ್ಪನಿಗೆ ನಮ್ಮ ಮನೆಯಲ್ಲಿ ದೇವರಿಗಿಂತ ಸ್ವಲ್ಪವೇ ಕೆಳಗಿನ ಸ್ಥಾನ. ಬ್ರಿಟಿಷರ ಕಾಲದ ಆ ದೊಡ್ಡ ಬರಗಾಲದಲ್ಲಿ, ಐದು ವರ್ಷದ ಮಗನನ್ನು ಹೆಗಲ ಮೇಲೆ ಹೊತ್ತು, ಕಲ್ಯಾಣದುರ್ಗದ ಕಡೆಯಿಂದ ಹಿಂದೂಪುರಕ್ಕೆ ನಡೆದೇ ಬಂದವನು. ಇಲ್ಲಿ ಹುಣಸೆಹಣ್ಣಿನ ಮಂಡಿಯಲ್ಲಿ ಮೂಟೆ ಹೊತ್ತ, ಮತ್ತೆ ಮದುವೆಯಾದ, ಮನೆ ಕಟ್ಟಿದ. ಹಿಂದಿನ ಹೆಂಡತಿ ಅವನು ಹೊರಡುವ ಮೊದಲೇ ತೀರಿಕೊಂಡಿದ್ದಳು ಎಂದೇ ನಾವೆಲ್ಲ ನಂಬಿದ್ದೆವು.

ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ಅವನ ಊರು ನೋಡಬೇಕೆನ್ನಿಸಿತು. ಕಲ್ಯಾಣದುರ್ಗದ ಕಚೇರಿಯಲ್ಲಿ ಅಷ್ಟು ಹಳೆಯ ಕಾಗದ ಯಾವುದೂ ಇರಲಿಲ್ಲ. "ಮೀ ಇಂಟಿ ದೇವುಡು ಎಕ್ಕಡ ಮೇಡಂ? ಅಕ್ಕಡ ಅಡಗಂಡಿ," ಎಂದ ಗುಮಾಸ್ತ; ಮನೆದೇವರು ಎಲ್ಲಿದ್ದಾನೋ ಅಲ್ಲೇ ಹೋಗಿ ಕೇಳಿ ಎಂದು. ನಮ್ಮ ಮನೆದೇವರ ಗುಡಿ ಇರುವುದು ಕುಂದುರ್ಪಿಯ ಆಚೆಯ ಹಳ್ಳಿಯೊಂದರಲ್ಲಿ. ಹೋದೆ. ಪೂಜಾರಿ ನನ್ನ ಮಾತೆಲ್ಲ ಕೇಳಿ, ಊರಾಚೆಯ ಒಬ್ಬ ಮುದುಕಿಯ ಮನೆಗೆ ಕರೆದುಕೊಂಡು ಹೋಗಿ ಬಿಟ್ಟ.

ಆಕೆ ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಎಂಬತ್ತೈದು ದಾಟಿರಬೇಕು. ಹೆಗಲ ಮೇಲಿನ ಮಗುವಿನ ಕಥೆಯನ್ನು ನಾನು ಹೆಮ್ಮೆಯಿಂದಲೇ ಹೇಳಿದೆ. ಆಕೆಯ ಕೈ ನಿಂತಿತು.

"ಆ ಹುಡುಗನ ಅಕ್ಕ ನಮ್ಮಜ್ಜಿ ಕಣಮ್ಮ. ಅಮ್ಮನ ಅಮ್ಮ," ಎಂದಳು. "ಅವಳ ಕೆಳಗೆ ಇನ್ನೊಂದು ಹೆಣ್ಣು ಕೂಸಿತ್ತು. ಅವನು ಹೊರಟಾಗ ಅವರಮ್ಮನೂ ಬದುಕಿದ್ಲು."

ನಾನು ಜಗಲಿಯ ಅಂಚಿನಲ್ಲಿ ಕೂತೆ.

"ಎಲ್ಲೋ ಕೆರೆ ಕೆಲಸ ನಡೀತೈತೆ, ಗಂಜಿ ಕೊಡ್ತಾರೆ, ಎಂಟು ದಿನಕ್ಕೆ ಬತ್ತೀನಿ ಅಂತ ಹೇಳಿ, ಗಂಡುಹುಡುಗನ್ನ ಮಾತ್ರ ಎತ್ಕಂಡು ಹೋಗ್ಬುಟ್ಟ. ತಾಯಿ ಪಾಪಾಸುಕಳ್ಳಿ ಹಣ್ಣು ಮುಳ್ಳು ತೆಗೆದು ಇವರಿಬ್ಬರಿಗೆ ತಿನ್ನಿಸ್ತಿದ್ಲಂತೆ. ಮೊದಲು ಕೂಸು ಹೋಯ್ತು. ಆಮೇಲೆ ತಾಯಿ. ನಮ್ಮಜ್ಜಿಗೆ ಆಗ ಒಂಬತ್ತೋ ಹತ್ತೋ. ಗುಂಡಿ ತೋಡೋಕೆ ಕೈಲಿ ಶಕ್ತಿ ಇರ್ಲಿಲ್ಲ, ಪಾಪಂ. ಕಲ್ಲು ಆಯ್ದು ತಂದು ತಾಯಿ ಮೇಲೆ ಮುಚ್ಚಿದ್ಲಂತೆ. ಕುರಿ ಹೊಡ್ಕಂಡು ಹೋಗೋರು ನೋಡಿ, ಹಾಲು ಕುಡಿಸಿ ಸಾಕ್ಕೊಂಡ್ರು."

"ಅವನು ಮತ್ತೆ ಬರಲೇ ಇಲ್ವಾ?"

"ಬಂದಿದ್ರೆ ನೀನ್ಯಾಕಮ್ಮಾ ಹುಡುಕ್ಕಂಡು ಬರ್ತಿದ್ದೆ?"

ಆ ಮಾತಿನಲ್ಲಿ ಕೋಪವಿರಲಿಲ್ಲ. ಒಂದು ಹಿಡಿ ಕಡಲೆಬೀಜ ಕೈಗಿಟ್ಟು, "ತಿನ್ನು. ನಾನು ನಿಂಗೆ ಅತ್ತೆ ಆಗ್ಬೇಕು," ಎಂದಳು. ಹಿಂದೂಪುರಕ್ಕೆ ಬನ್ನಿ ಅತ್ತೆ, ನಮ್ಮಪ್ಪ ಇನ್ನೂ ಇದ್ದಾರೆ ಎಂದು ಕರೆದೆ. ಬರಲಾರೆನೆಂದು ತಲೆಯಾಡಿಸಿದಳು.

ಅಪ್ಪ ಹಾಸಿಗೆ ಹಿಡಿದು ವರ್ಷವಾಗಿತ್ತು. ಹೇಳಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿ, ಕೊನೆಗೆ ಹೇಳಿದೆ.

"ನಮ್ಮ ತಾತ ಸಾಯೋ ಮುಂಚೆ 'ಅಕ್ಕ ಬಂದ್ಲಾ, ಅಕ್ಕ ಬಂದ್ಲಾ' ಅಂತ ಬಾಗಿಲ ಕಡೆ ನೋಡ್ತಿದ್ರು. ತಾತನಿಗೆ ಅಕ್ಕ ಎಲ್ಲಿದ್ದಾಳೆ, ತಲೆ ಕೆಟ್ಟಿದೆ ಅಂತ ನಾವು ಹುಡುಗರೆಲ್ಲ ನಗ್ತಿದ್ವಿ ಕಣಮ್ಮ," ಎಂದು ಗೋಡೆಯ ಕಡೆ ತಿರುಗಿಕೊಂಡರು. ಅಪ್ಪನ ತಾತ ಎಂದರೆ ಹೆಗಲ ಮೇಲೆ ಕೂತು ಬಂದ ಆ ಹುಡುಗನೇ. ಆ ಅಕ್ಕನ ಮೊಮ್ಮಗಳನ್ನು ಒಮ್ಮೆ ನೋಡಬೇಕು, ಕಾರು ಮಾಡು ಎಂದು ಮಾರನೆಯ ದಿನ ಕೇಳಿದರು. ಡಾಕ್ಟರು ಒಪ್ಪಲಿಲ್ಲ. ತಿಂಗಳೊಳಗೆ ಅಪ್ಪ ಹೋದರು.

ಈ ವರ್ಷ ಪಿತೃಪಕ್ಷದ ಅಮಾವಾಸ್ಯೆಗೆ ತಮ್ಮ ಎಂದಿನಂತೆ ಹಿರಿಯರಿಗೆ ಎಡೆಯ ಎಲೆ ಹಾಕಿದ. ಪಕ್ಕದಲ್ಲಿ ನಾನು ಇನ್ನೂ ಮೂರು ಎಲೆ ಹಾಕಿದೆ: ತಾಯಿಗೊಂದು, ಕೂಸಿಗೊಂದು, ಕಲ್ಲು ಹೊತ್ತವಳಿಗೊಂದು. ಮೊದಲಿಬ್ಬರ ಹೆಸರು ಅತ್ತೆಗೂ ಗೊತ್ತಿರಲಿಲ್ಲ.

"ಇವರನ್ನ ಬಿಟ್ಟು ಬಂದ ಆ ಮನುಷ್ಯನಿಗೆ ಇಡೋದು ನಿಲ್ಲಿಸಲಾ?" ಎಂದು ತಮ್ಮ ಕೇಳಿದ.

ಅವನು ನಡೆದು ಬಂದಿದ್ದರಿಂದಲೇ ನಾವಿಬ್ಬರೂ ಅಲ್ಲಿ ನಿಂತಿದ್ದೆವು. ತಮ್ಮ ಸ್ವಲ್ಪ ಕಾದು, ಅವನ ಎಲೆಗೂ ಅನ್ನ ಬಡಿಸಿದ.